ವಿಷ್ಣುವರ್ಧನನು ಜೈನದ್ವೇಷಿಯೆ?

ಹಾಸನದ ಸೀಮೆಯನ್ನಾಳಿದ ಅರಸರಲ್ಲಿ ಹೊಯ್ಸಳ ವಿಷ್ಣುವರ್ಧನನಷ್ಟು ಕೀರ್ತಿಯನ್ನೂ ಅಪಕೀರ್ತಿಯನ್ನೂ ಒಟ್ಟಿಗೆ ಹೊತ್ತವನು ಬೇರೊಬ್ಬನಿಲ್ಲ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದವನು ಇವನೇ. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜಾಚಾರ್ಯರಿಂದ ವೈಷ್ಣವನಾಗಿ, ಬಸದಿಗಳನ್ನು ಕೆಡವಿಸಿ, ಜೈನರನ್ನು ಗಾಣಕ್ಕೆ ಹಾಕಿಸಿದನೆಂದೂ, ಆ ಪಾಪಕ್ಕೆ ಭೂಮಿಯೇ ಬಾಯ್ದೆರೆಯಿತೆಂದೂ ಐತಿಹ್ಯವುಂಟು. ಇದರಲ್ಲಿ ನಿಜವೆಷ್ಟು?

ಪಂಡಿತರಲ್ಲಿ ಒಮ್ಮತವಿಲ್ಲ. ಲೂಯಿ ರೈಸ್ ಅವರು ಮತಾಂತರದ ಕಥೆಯನ್ನು ಒಪ್ಪಿ ಬರೆದರು. ಕೆಲವರು ಅದನ್ನೇ ಪ್ರಶ್ನಿಸಿದರು. 'ಬಿಟ್ಟಿ'ಯೆಂಬುದು 'ವಿಷ್ಣು'ವಿನ ತದ್ಭವವಷ್ಟೆ. ಹೆಸರು ಬದಲಾದುದರಿಂದ ಮತ ಬದಲಾಯಿತೆನ್ನುವುದು ಹೇಗೆ ಎಂಬುದು ಅವರ ವಾದ. ವೈಷ್ಣವ ಗುರುಪರಂಪರೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದೆಂಬುದು ಎದುರುವಾದ. ಜೈನರ ಹಿಂಸೆಯ ಕಥೆಗಾದರೋ ಶಾಸನಗಳ ಬೆಂಬಲವಿಲ್ಲವೆಂದು ಡಾ. ಬಿ. ಎ. ಸಾಲೆತೊರೆಯವರು 1938ರ ತಮ್ಮ ಗ್ರಂಥದಲ್ಲಿ ಅರಸನ ಪರವಾಗಿ ನಿಂತರು.

ಅರಸನ ಪರವಾದ ಬಲವಾದ ಸಾಕ್ಷಿಯು ರೈಸ್ ಅವರೇ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿದೆ. ಜೈನ ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು 1133ರಲ್ಲಿ ರಾಜಧಾನಿಯಾದ ದೋರಸಮುದ್ರದಲ್ಲಿಯೇ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಗಂಧೋದಕವನ್ನೂ ಶೇಷವನ್ನೂ ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಕೊಂಡೊಯ್ದರು. ಆಗತಾನೆ ಯುದ್ಧದಲ್ಲಿ ಜಯ ದೊರೆತಿತ್ತು, ಮಗನೂ ಹುಟ್ಟಿದ್ದನು. ದೊರೆಯು ಎದ್ದು ನಮಸ್ಕರಿಸಿ ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿ ಬಿಟ್ಟನು. ಇದು ಬೇಲೂರಿನ ಪ್ರತಿಷ್ಠೆಗೆ ಹದಿನಾರು ವರ್ಷಗಳ ತರುವಾಯದ ಮಾತು! ಅದಕ್ಕೆ ಮೊದಲೇ, 1123ರಲ್ಲಿ, ಪಟ್ಟದರಸಿ ಶಾಂತಲೆಯು ಚನ್ನರಾಯಪಟ್ಟಣದ ಸೀಮೆಯ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದಳು.

ಹಾಗೆಂದು ಜೈನರಿಗೂ ವೈಷ್ಣವರಿಗೂ ಎಂದೂ ಕಲಹವೇ ಇರಲಿಲ್ಲವೆನ್ನಲಾಗದು. 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ರಾಜಿ ಮಾಡಿಸಿದುದು ಶ್ರವಣಬೆಳಗೊಳದ ಶಾಸನದಿಂದಲೇ ತಿಳಿಯುತ್ತದೆ. ಇಂತಹ ಈಚಿನ ಕಲಹಗಳ ಕಹಿಯನ್ನು ಜನರ ನೆನಪು ಹಿಂದಿನ ದೊರೆಯ ತಲೆಗೆ ಕಟ್ಟಿತೆಂದು ಊಹಿಸಿದರೆ ತಪ್ಪಾಗಲಾರದು.

ಅರಸನ ಮತ ಯಾವುದೆಂಬ ಚರ್ಚೆ ಮುಂದುವರಿಯಲಿ. ಅದಕ್ಕೆ ಎರಡು ಕಡೆಯೂ ಎಡೆಯುಂಟು. ಆದರೆ ಕೊಲೆಯ ಆಪಾದನೆಗೆ ಐತಿಹ್ಯವೊಂದೇ ಸಾಲದು. ಸತ್ತವನಿಗೂ ನ್ಯಾಯ ಬೇಡವೆ? ಹಳೇಬೀಡಿಗೆ ಹೋದ ವಾಚಕರು ಹೊಯ್ಸಳೇಶ್ವರನನ್ನು ಕಂಡು ಹಾಗೆಯೇ ಹಿಂದಿರುಗದೆ, ಸಮೀಪದ ಬಸ್ತಿಹಳ್ಳಿಗೂ ಹೋಗಿ ಬರಲಿ. ಜೈನದ್ವೇಷಿಯೆನಿಸಿಕೊಂಡ ದೊರೆಯೇ ಹೆಸರಿಟ್ಟ ಪಾರ್ಶ್ವನಾಥನು ಅಲ್ಲಿ ಇಂದಿಗೂ ನಿಂತಿದ್ದಾನೆ.