ಕಟ್ಟುಮಸ್ತಾದ ಮೈ, ಖಾಲಿ ರಿಪೋರ್ಟು

ಮದುವೆಯಾಗಿ ಎರಡು ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಸ್ಕ್ಯಾನಿಂಗಿಗೆ ಮೊದಲು ಹೋಗುವವಳು ಸೊಸೆ. ನಿಮ್ಮ ಮಗನನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರೆ ಅತ್ತೆಗೆ ಎಲ್ಲಿಲ್ಲದ ಆಶ್ಚರ್ಯ. “ಅವನಿಗೇನಾಗಿದೆ ಡಾಕ್ಟ್ರೇ? ದಿನಾ ಜಿಮ್ಮಿಗೆ ಹೋಗ್ತಾನೆ, ಗುಂಡುಕಲ್ಲಿನ ಹಾಗಿದಾನೆ.” ಅದೇ ಮನೆಯ ಸೋದರಮಾವನ ವರಸೆಯೇ ಬೇರೆ: “ಆ ಜಿಮ್ಮಿಂದಲೇ ಎಲ್ಲ ಕೆಟ್ಟಿರೋದು. ಭಾರ ಎತ್ತಿ ಎತ್ತಿ ನರ ಸತ್ತುಹೋಗುತ್ತೆ.” ಇಬ್ಬರ ಮಾತೂ ತಪ್ಪು. ಆದರೆ ಎರಡರಲ್ಲೂ ಒಂದೊಂದು ಎಳೆ ನಿಜ ಸಿಕ್ಕಿಕೊಂಡಿರುವುದರಿಂದಲೇ ಅವು ಇಷ್ಟು ವರ್ಷ ಬಾಳಿಕೆ ಬಂದಿವೆ. ಅಂದ ಹಾಗೆ, ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಸೊಸೆಯೊಬ್ಬಳನ್ನೇ ಅಲೆದಾಡಿಸುವುದಕ್ಕೆ ಅರ್ಥವಿಲ್ಲ.

“ಮೈಕಟ್ಟು ಚೆನ್ನಾಗಿದ್ದರೆ ವೀರ್ಯವೂ ಚೆನ್ನಾಗಿರುತ್ತೆ”

ತೋಳಿನ ಸುತ್ತಳತೆ ನೋಡಿ ವೀರ್ಯಾಣುವಿನ ಲೆಕ್ಕ ಹೇಳಲು ಸಾಧ್ಯವಿಲ್ಲ. ಮಾಂಸಖಂಡ ಬೆಳೆಯುವುದಕ್ಕೂ ವೀರ್ಯಾಣು ಹುಟ್ಟುವುದಕ್ಕೂ ಟೆಸ್ಟೊಸ್ಟೆರಾನ್ ಹಾರ್ಮೋನು ಬೇಕು, ನಿಜ. ಆದರೆ ಮಾಂಸಖಂಡಕ್ಕೆ ರಕ್ತದಲ್ಲಿ ಹರಿಯುವಷ್ಟು ಸಾಕು. ವೀರ್ಯಾಣು ಹುಟ್ಟಬೇಕಾದರೆ ಅದು ವೃಷಣದ ಒಳಗೇ ತಯಾರಾಗಬೇಕು, ಅದೂ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸಿ ಈ ಕೆಲಸ ಮಾಡಿಸುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಎಷ್ಟಿದೆ ಎಂಬುದರ ಮೇಲೆ ಅದರ ಕಣ್ಣು ಸದಾ ಇರುತ್ತದೆ.

ಬಾಡಿ ಬೇಗ ಬರಲಿ ಎಂದು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್ ಕೆಡಿಸುವುದು ಈ ಏರ್ಪಾಟನ್ನು. ಟ್ಯಾಂಕರ್ ನೀರು ತರಿಸಿ ಮಹಡಿಯ ಟ್ಯಾಂಕು ತುಂಬಿಸಿದರೆ ಆಟೋಮ್ಯಾಟಿಕ್ ಮೋಟಾರು ತಾನಾಗಿ ನಿಂತುಬಿಡುತ್ತದಲ್ಲ, ಹಾಗೆ ಪಿಟ್ಯುಟರಿಯೂ ಕೈಕಟ್ಟಿ ಕೂರುತ್ತದೆ. ರಕ್ತದ ತುಂಬ ಹಾರ್ಮೋನು, ವೃಷಣದೊಳಗೆ ಬರ. ವೀರ್ಯಾಣು ತಯಾರಿ ನಿಲ್ಲುತ್ತದೆ.

ಇದು ಎಷ್ಟು ನಂಬಿಕಸ್ಥ ವಿಧಾನವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದೇ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 7 ದೇಶಗಳ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಎನಾಂಥೇಟ್ ಚುಚ್ಚಿದರು. ವೀರ್ಯದಲ್ಲಿ ಒಂದೂ ವೀರ್ಯಾಣು ಉಳಿಯದ ಹಂತ ತಲುಪಿದ 157 ಮಂದಿ ಬೇರಾವ ಗರ್ಭನಿರೋಧಕವೂ ಇಲ್ಲದೆ ಒಂದು ವರ್ಷದ ಪರೀಕ್ಷೆಗೆ ಒಳಗಾದರು. ಆ ಅವಧಿಯಲ್ಲಿ ಗರ್ಭ ನಿಂತದ್ದು ಒಂದೇ ಒಂದು. ಜಿಮ್ಮುಗಳಲ್ಲಿ ‘ಸೈಕಲ್’ ಎಂದು ಹಾಕಿಸಿಕೊಳ್ಳುವ ಪ್ರಮಾಣ ಎಷ್ಟೋ ಸಲ ಇದಕ್ಕಿಂತ ಹೆಚ್ಚು, ಜೊತೆಗೆ ಇನ್ನೂ ಒಂದೆರಡು ಔಷಧಿಗಳ ಮಿಶ್ರಣ. ಅಂದರೆ ಮಕ್ಕಳು ಬೇಕೆಂದು ಹರಕೆ ಹೊತ್ತವನೇ ಗೊತ್ತಿಲ್ಲದೆ ಗರ್ಭನಿರೋಧಕ ಚುಚ್ಚಿಸಿಕೊಂಡಿರುತ್ತಾನೆ.

ಗೊತ್ತೇ ಆಗುವುದಿಲ್ಲ ಎನ್ನುವುದು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ವೀರ್ಯದ ಹೆಚ್ಚಿನ ಭಾಗ ಬರುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ. ಅದರಲ್ಲಿ ವೀರ್ಯಾಣು ಸೊನ್ನೆಯಾದರೂ ಬಣ್ಣ, ಪ್ರಮಾಣ ನೋಡಿ ಯಾರೂ ಹೇಳಲಾರರು. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಏರಿರುವಷ್ಟು ದಿನ ಆಸಕ್ತಿಗೂ ಕೊರತೆ ಕಾಣುವುದಿಲ್ಲ. ಮೈ ಕನ್ನಡಿಯಲ್ಲಿ ಹೊಳೆಯುತ್ತಿರುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ನೋಡಿದ ಲ್ಯಾಬಿನವರು ಮಾತ್ರ ವೀರ್ಯಾಣು ಸಂಖ್ಯೆಯ ಎದುರು ‘ನಿಲ್’ ಎಂದು ಬರೆದು ಕೊಡುತ್ತಾರೆ. ತಜ್ಞ ವೈದ್ಯರ ಮೇಜಿನ ಮೇಲೆ ದಾರಕ್ಕೆ ಪೋಣಿಸಿದ ಮಣಿಸರವೊಂದಿರುತ್ತದೆ. 1 ಮಿಲಿಲೀಟರಿನಿಂದ 25ರವರೆಗೆ ಒಂದಕ್ಕಿಂತ ಒಂದು ದೊಡ್ಡದಾದ ಮೊಟ್ಟೆಯಾಕಾರದ ಮಣಿಗಳು. ವೃಷಣವನ್ನು ಮುಟ್ಟಿ ನೋಡಿ ಯಾವ ಮಣಿಗೆ ಹೊಂದುತ್ತದೆಂದು ಅಂದಾಜು ಮಾಡುತ್ತಾರೆ. ವೃಷಣದ ಬಹುಪಾಲು ವೀರ್ಯಾಣು ಹುಟ್ಟುವ ಸಣ್ಣ ಸಣ್ಣ ನಾಳಗಳಿಂದಲೇ ತುಂಬಿರುವುದರಿಂದ, ಕೆಲಸ ನಿಂತ ವೃಷಣ ಕುಗ್ಗುತ್ತದೆ. ಎದೆ ಅಗಲವಾಗಿ ಮಣಿ ಮಾತ್ರ ಚಿಕ್ಕದಾದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೇ “ಜಿಮ್ಮಿನಲ್ಲಿ ಏನಾದರೂ ತಗೋತೀರಾ?” ಹೆಣ್ಣಿನ ಕಣ್ಣಿಗೆ ಬೀಳಲೆಂದು ಬೆಳೆಸಿದ ಮೈಯೇ ಸಂತಾನಕ್ಕೆ ಅಡ್ಡಿಯಾಗುವ ಈ ವಿಪರ್ಯಾಸಕ್ಕೆ, ಅದನ್ನು ಗುರುತಿಸಿದ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲಿ ಮಾಸ್‌ಮನ್–ಪೇಸಿ ವಿರೋಧಾಭಾಸ ಎಂದೇ ಹೆಸರು ಬಿದ್ದಿದೆ.

“ಮದುವೆ ಹೊತ್ತಿಗೆ ಬಿಟ್ಟರಾಯಿತು, ಎಲ್ಲ ಸರಿಹೋಗುತ್ತೆ”

ಅರ್ಧ ನಿಜ. ಗರ್ಭನಿರೋಧಕ ಪ್ರಯೋಗಗಳಲ್ಲಿ ಹಾರ್ಮೋನು ತೆಗೆದುಕೊಂಡವರ ಅಂಕಿಅಂಶಗಳನ್ನೆಲ್ಲ ಒಟ್ಟು ಹಾಕಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಔಷಧಿ ನಿಲ್ಲಿಸಿದ ಮೇಲೆ ವೀರ್ಯಾಣು ಮಿಲಿಲೀಟರಿಗೆ 2 ಕೋಟಿಗೆ ಮರಳಲು ಅರ್ಧದಷ್ಟು ಮಂದಿಗೆ ಸುಮಾರು 3.4 ತಿಂಗಳು ಸಾಕಾಯಿತು, ಒಂದು ವರ್ಷದಲ್ಲಿ 90% ಮಂದಿ ಆ ಮಟ್ಟ ಮುಟ್ಟಿದರು, ಉಳಿದವರಿಗೆ ಎರಡು ವರ್ಷದವರೆಗೂ ಬೇಕಾಯಿತು. ಅವರೆಲ್ಲ ವೈದ್ಯರ ಕಣ್ಗಾವಲಿನಲ್ಲಿ ಅಳತೆಯ ಪ್ರಮಾಣ ತೆಗೆದುಕೊಂಡವರು. ವರ್ಷಗಟ್ಟಲೆ ಬೇಕಾಬಿಟ್ಟಿ ಹಾಕಿಸಿಕೊಂಡವರಲ್ಲಿ ಚೇತರಿಕೆ ಇನ್ನೂ ನಿಧಾನ, ಕೆಲವರಲ್ಲಿ ಅಪೂರ್ಣ. ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಸುಸ್ತು, ಬೇಸರ, ಆಸಕ್ತಿ ಇಳಿಯುವುದು ಇದ್ದದ್ದೇ. ಅದನ್ನು ತಡೆಯಲಾರದೆ ಮತ್ತೆ ಸೂಜಿಯ ಮೊರೆ ಹೋಗುವವರು ಬಹಳ.

ಇನ್ನೊಂದು ಅಪಾಯ: ವೀರ್ಯಾಣು ಕಡಿಮೆ ಎಂದು ಗೊತ್ತಾದಾಗ “ಗಂಡಸುತನದ ಹಾರ್ಮೋನು” ಎಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ನನ್ನೇ ಚಿಕಿತ್ಸೆಯಾಗಿ ತೆಗೆದುಕೊಳ್ಳುವುದು. ಮಗು ಬೇಕೆನ್ನುವವರಿಗೆ ಅದನ್ನು ಕೊಡಬಾರದೆಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ವೃಷಣವನ್ನು ಮತ್ತೆ ಎಬ್ಬಿಸುವ ಔಷಧಿಗಳು ಬೇರೆಯೇ ಇವೆ.

ಪ್ರೋಟೀನ್ ಪೌಡರಿನ ಮೇಲೂ ಇದೇ ಅನುಮಾನ. ಹಾಲಿನ ತಿಳಿಯಿಂದ ಮಾಡಿದ ಸಾದಾ ವ್ಹೇ ಪುಡಿಯಲ್ಲಿ ಇಂಥ ಹಾರ್ಮೋನಿಲ್ಲ. ಡಬ್ಬಿಯಲ್ಲಿ ಲೇಬಲ್ಲಿನ ಮೇಲಿರುವುದೇ ಇದೆ ಎಂಬ ಖಾತ್ರಿ ಇಲ್ಲದಿರುವುದು ತೊಂದರೆ. 13 ದೇಶಗಳಲ್ಲಿ ಕೊಂಡ 634 ಪೂರಕ ಆಹಾರಗಳನ್ನು ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 94ರಲ್ಲಿ ಲೇಬಲ್ಲಿನಲ್ಲಿ ಹೇಳದ ಸ್ಟೀರಾಯ್ಡ್ ಹಾರ್ಮೋನುಗಳಿದ್ದವು. ತಿಂಗಳಲ್ಲಿ ಬಾಡಿ ಬರಿಸುತ್ತೇನೆ ಎನ್ನುವ ಡಬ್ಬಿಯಿಂದ ದೂರವಿರುವುದು ಲೇಸು.

“ಸೈಕಲ್ ತುಳಿದರೆ ಮಕ್ಕಳಾಗಲ್ಲ”

ಸೋದರಮಾವನ ವಾದಕ್ಕೆ ಇಲ್ಲಿ ಒಂದಿಷ್ಟು ಆಧಾರ ಸಿಗುತ್ತದೆ, ಅದೂ ತೆಳುವು. ಸಂತಾನ ಚಿಕಿತ್ಸಾ ಕೇಂದ್ರಗಳಿಗೆ ಬಂದಿದ್ದ ಎರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ಬಾಸ್ಟನ್ನಿನ ಸಂಶೋಧಕರು 2011ರಲ್ಲಿ ಅಧ್ಯಯನ ಮಾಡಿದಾಗ ಉಳಿದ ವ್ಯಾಯಾಮಗಳಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೆ 5 ಗಂಟೆಗಿಂತ ಹೆಚ್ಚು ಸೈಕಲ್ ತುಳಿಯುವವರಲ್ಲಿ ಮಾತ್ರ ವೀರ್ಯಾಣು ಸಂಖ್ಯೆ ಕಡಿಮೆಯಿತ್ತು. ಅವರು ಮೊದಲೇ ಮಕ್ಕಳಾಗದೆ ಕ್ಲಿನಿಕ್ಕಿಗೆ ಬಂದವರು ಎಂಬುದನ್ನು ಮರೆಯಬಾರದು. 2014ರಲ್ಲಿ ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರನ್ನು ವಿಚಾರಿಸಿದ ಅಧ್ಯಯನಕ್ಕೆ ಬಂಜೆತನದ ಸಂಬಂಧ ಕಾಣಲಿಲ್ಲ. ದಿನವೂ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವವರು ನಿಶ್ಚಿಂತೆಯಿಂದಿರಬಹುದು. ವಾರವಾರವೂ ಬೆಂಗಳೂರಿನಿಂದ ನಂದಿ ಬೆಟ್ಟ ಹತ್ತಿ ಇಳಿಯುವವರ ರಿಪೋರ್ಟು ಮೊದಲೇ ದುರ್ಬಲವಾಗಿದ್ದರೆ ಕೆಲವು ತಿಂಗಳು ಕಡಿಮೆ ಮಾಡಿ ನೋಡಿದರೆ ನಷ್ಟವೇನಿಲ್ಲ.

ಓಟಕ್ಕೂ ಒಂದು ಮಿತಿ ಇದೆ. 1994ರ ಅಮೆರಿಕದ ಅಧ್ಯಯನವೊಂದರಲ್ಲಿ ವಾರಕ್ಕೆ ಸುಮಾರು 54 ಕಿಲೋಮೀಟರ್ ಓಡುವವರ ವೀರ್ಯ ಓಡದವರದಂತೆಯೇ ಇತ್ತು. 108 ಕಿಲೋಮೀಟರಿನವರಲ್ಲಿ ಮಾತ್ರ ಸಂಖ್ಯೆ, ಚಲನೆ ಎರಡೂ ಇಳಿದಿದ್ದವು. ನಮ್ಮಲ್ಲಿ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರಿಗೆ ಈ ಚಿಂತೆ ಬೇಡ. ವ್ಯಾಯಾಮ ತನ್ನ ಶಕ್ತಿಯ ಅರ್ಧದಷ್ಟಿರಲಿ ಎಂದು ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿದೆ. ಮ್ಯಾರಥಾನ್ ಓಡುವವರು ಒಪ್ಪಲಿಕ್ಕಿಲ್ಲ.

“ವ್ಯಾಯಾಮದಿಂದ ಮೈ ಉಷ್ಣವಾಗುತ್ತೆ”

ವೃಷಣಕ್ಕೆ ಶಾಖ ಆಗಿಬರುವುದಿಲ್ಲ ಎನ್ನುವುದು ಸತ್ಯ. ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಲೆಂದೇ ಅದು ಹೊರಗೆ ಜೋತುಬಿದ್ದಿರುವುದು. ಆದರೆ ಬಸ್ಕಿ ಹೊಡೆದಾಗ ಏರುವ ಬಿಸಿ ಬೆವರಿನೊಂದಿಗೆ ಇಳಿದುಹೋಗುತ್ತದೆ. ಜಿಮ್ಮಿನಲ್ಲಿ ಲೆಕ್ಕಕ್ಕೆ ಬರುವ ಬಿಸಿಯೆಂದರೆ ವ್ಯಾಯಾಮವಾದ ಮೇಲೆ ಕೂರುವ ಹಬೆಕೋಣೆಯದು. ಇಟಲಿಯಲ್ಲಿ 10 ಮಂದಿ ಮೂರು ತಿಂಗಳು, ವಾರಕ್ಕೆರಡು ಸಲ ಕಾಲು ಗಂಟೆ ಸೌನಾದಲ್ಲಿ ಕೂತಾಗ ವೀರ್ಯಾಣು ಇಳಿಯಿತು, ಬಿಟ್ಟ ಆರು ತಿಂಗಳಿಗೆ ಮೊದಲಿನ ಸ್ಥಿತಿಗೆ ಬಂತು. ಬಿಗಿ ಒಳಉಡುಪಿನದೂ ಅಷ್ಟೇ: ಹಾರ್ವರ್ಡಿನ 2018ರ ಅಧ್ಯಯನದಲ್ಲಿ ಸಡಿಲ ಚಡ್ಡಿಯವರ ವೀರ್ಯಾಣು ಸಾಂದ್ರತೆ 25% ಹೆಚ್ಚಿತ್ತು. ಗರಡಿಮನೆಯ ಲಂಗೋಟಿ ಅಖಾಡದ ಹೊತ್ತಿಗಿರಲಿ, ಮಲಗುವಾಗ ಬೇಡ.

ಗರಡಿಯದೇ ಇನ್ನೊಂದು ನಂಬಿಕೆ, ವೀರ್ಯ ಕೂಡಿಟ್ಟಷ್ಟೂ ಬಲ ಎನ್ನುವುದು. ಪೈಲ್ವಾನರ ಶಿಸ್ತಿಗೆ ಅದು ಬೇಕಿತ್ತೇನೋ. ಸಂತಾನದ ಲೆಕ್ಕದಲ್ಲಿ ವಾರಗಟ್ಟಲೆ ಕೂಡಿಟ್ಟ ವೀರ್ಯದಲ್ಲಿ ಸಂಖ್ಯೆ ಹೆಚ್ಚಿದರೂ ಹಳತಾದ, ನಿಧಾನದ ವೀರ್ಯಾಣುಗಳ ಪಾಲೂ ಹೆಚ್ಚುತ್ತದೆ. ವೀರ್ಯ ಪರೀಕ್ಷೆಗೆ ಮುಂಚೆ 2ರಿಂದ 7 ದಿನ ಬಿಡುವು ಸಾಕೆನ್ನುತ್ತಾರೆ.

“ಜಿಮ್ಮಿಗೆ ಸೇರಿದರೆ ಎಲ್ಲ ದೋಷ ನಿವಾರಣೆ”

ಬೊಜ್ಜಿರುವವರಿಗೆ ನಿಜಕ್ಕೂ ಲಾಭವಿದೆ. ಕೊಬ್ಬಿನ ಅಂಗಾಂಶ ಟೆಸ್ಟೊಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ, ತೊಡೆಗಳ ನಡುವೆ ಶಾಖವೂ ಹೆಚ್ಚು. ಡೆನ್ಮಾರ್ಕಿನಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ವಾರಗಳ ಪಥ್ಯದಿಂದ ಸರಾಸರಿ 16 ಕಿಲೋ ಇಳಿಸಿದ ಗಂಡಸರ ವೀರ್ಯಾಣು ಸಾಂದ್ರತೆ ಸುಮಾರು ಒಂದೂವರೆ ಪಟ್ಟಾಯಿತು. ತೂಕ ಮತ್ತೆ ಏರದಂತೆ ನೋಡಿಕೊಂಡವರಲ್ಲಿ ಅದು ಒಂದು ವರ್ಷವಾದರೂ ಉಳಿಯಿತು. ಆದರೆ ವೀರ್ಯನಾಳ ಕಟ್ಟಿದ್ದರೆ, ವೈ ವರ್ಣತಂತುವಿನಲ್ಲಿ ತುಣುಕು ಕಳೆದಿದ್ದರೆ, ವೃಷಣದ ರಕ್ತನಾಳಗಳು ಊದಿಕೊಂಡ ವೆರಿಕೊಸೀಲ್ ಇದ್ದರೆ ಎಷ್ಟು ದಂಡ ಹೊಡೆದರೂ ಪ್ರಯೋಜನವಿಲ್ಲ. ಅವಕ್ಕೆ ಯುರಾಲಜಿಸ್ಟರನ್ನೇ ಕಾಣಬೇಕು.

ಇಂದು ವಾಕಿಂಗ್ ಶುರು ಮಾಡಿ ಮುಂದಿನ ತಿಂಗಳು ರಿಪೋರ್ಟು ಮಾಡಿಸಿದರೂ ಉಪಯೋಗವಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 72 ದಿನ, ಆಮೇಲೆ ಅದು ಪಳಗಿ ಹೊರಬರಲು ಇನ್ನೂ ಹತ್ತು ಹದಿನೈದು ದಿನ ಬೇಕು. ಸೂಜಿ ಬಿಟ್ಟವರಾಗಲಿ ತೂಕ ಇಳಿಸಿದವರಾಗಲಿ ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸುವುದು ಸರಿ. ಹೋಗುವಾಗ ಜಿಮ್ಮಿನಲ್ಲಿ ಹಾಕಿಸಿಕೊಂಡ ಔಷಧಿಯ ಹೆಸರು, ಎಷ್ಟು ತಿಂಗಳು, ಯಾವಾಗ ನಿಲ್ಲಿಸಿದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ. ಹೆಂಡತಿಯ ಎದುರು ಹೇಳಲು ಸಂಕೋಚವಾದರೆ ಒಬ್ಬರೇ ಒಳಗೆ ಹೋಗಿ ಹೇಳಬಹುದು.