ಹೊಣೆ ನಿಲ್ಲುವವರು

ಹಳಗನ್ನಡದ ಪಾಠದಲ್ಲಿ ‘ಪೊಣೆ’ ಎಂಬ ಮಾತು ಬಂದಿತ್ತು. ಅದೇ ಇಂದಿನ ‘ಹೊಣೆ’, ಒಬ್ಬನಿಗಾಗಿ ಇನ್ನೊಬ್ಬನು ಮಾತು ಕೊಟ್ಟು ನಿಲ್ಲುವುದು ಎಂದು ಅರ್ಥ ಹೇಳಿ ನಾನು ಮುಂದಿನ ಪದ್ಯಕ್ಕೆ ಹೊರಟಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ, “ಜಾಮೀನು ಇದ್ದ ಹಾಗೆ ಅಲ್ಲವೆ, ಸಾರ್?” ಎಂದ. ಅವನ ಮನೆ ಪೀಣ್ಯದಲ್ಲಿ. ಅವರ ವಠಾರದಲ್ಲಿ ಬಾಡಿಗೆಗಿದ್ದ ಒಡಿಶಾದ ಕಾರ್ಮಿಕನೊಬ್ಬ, ಹೊಡೆದಾಟದಲ್ಲಿ ಒಂದು ಜೀವ ಹೋದ ಪ್ರಕರಣದಲ್ಲಿ ಆರೋಪಿಯಾಗಿ ಸೆರೆಯಲ್ಲಿದ್ದಾನಂತೆ. “ಜಾಮೀನು ಸಿಕ್ಕಿ ಎರಡು ತಿಂಗಳಾಯಿತು, ಸಾರ್. ಪೊಣೆ ಸಿಕ್ಕಿಲ್ಲ.” ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಪಾರಸಿಯಿಂದ ಬಂದ ‘ಜಾಮೀನು’ ಎಂಬ ಮಾತಿಗೂ ಮೂಲದಲ್ಲಿ ಹೊಣೆಗಾರಿಕೆ ಎಂಬುದೇ ಅರ್ಥ. ಆದರೆ ಜನರ ಬಾಯಲ್ಲಿ ಅದು ‘ಬಿಡುಗಡೆ’ಯಾಗಿ, ಕೆಲವೊಮ್ಮೆ ‘ಖುಲಾಸೆ’ಯೇ ಆಗಿಬಿಟ್ಟಿದೆ. ‘ಜಾಮೀನುರಹಿತ ಅಪರಾಧ’ವೆಂದರೆ ಜಾಮೀನೇ ಇಲ್ಲವೆಂದೂ ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅಲ್ಲಿ ಅದು ಆರೋಪಿಯ ಹಕ್ಕಲ್ಲ, ನ್ಯಾಯಾಲಯದ ವಿವೇಚನೆ, ಅಷ್ಟೆ. ನ್ಯಾಯಾಧೀಶರು ಆರೋಪದ ತೂಕವನ್ನೂ ಮೇಲ್ನೋಟದ ಸಾಕ್ಷ್ಯವನ್ನೂ ನೋಡುವುದುಂಟು. ಆದರೂ ಮುಖ್ಯ ಪ್ರಶ್ನೆ, ಇವನು ಮರಳಿ ಬರುವನೆ, ಸಾಕ್ಷಿಗಳನ್ನು ಮುಟ್ಟದೆ ಇರುವನೆ ಎಂಬುದು. ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಹುಲಿಯ ಸಂದೇಹವೂ ಇದೇ ಅಲ್ಲವೆ? ಆ ಹಸುವಿಗೆ ಹೊಣೆ ನಿಂತವರು ಯಾರೂ ಇರಲಿಲ್ಲ. ಸ್ವಂತ ಮಾತೇ ಮುಚ್ಚಳಿಕೆಯಾಯಿತು.

ಕಥೆಯ ಹುಲಿ ಹಸು ಮರಳುವವರೆಗೆ ಕಾಯಬೇಕಾಗಿತ್ತು. ನಮ್ಮ ನ್ಯಾಯ ಎಷ್ಟು ವರ್ಷ ಕಾಯುತ್ತದೆ? ಗೌರಿ ಲಂಕೇಶರು ರಾಜರಾಜೇಶ್ವರಿನಗರದ ತಮ್ಮ ಮನೆಯ ಬಳಿ ಹತರಾದದ್ದು 2017ರ ಸೆಪ್ಟೆಂಬರ್ 5ರಂದು. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಒಬ್ಬ ಆರೋಪಿಗೆ ಜಾಮೀನು ಕೊಟ್ಟಾಗ ಅವನು ಸೆರೆಯಲ್ಲಿ ಐದು ವರ್ಷ ಕಳೆದಿದ್ದ. 527 ಸಾಕ್ಷಿಗಳ ಪೈಕಿ ವಿಚಾರಣೆಯಾಗಿದ್ದವರು 90 ಮಂದಿ. ಗೌರಿಯವರ ಸೋದರಿ ಕವಿತಾ ಲಂಕೇಶರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಆಗಸ್ಟಿನಲ್ಲಿ ಅದು ಆ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಅಕ್ಕನನ್ನು ಕಳೆದುಕೊಂಡವರ ನೋವಿಗೆ ಯಾವ ವಾದವೂ ಉತ್ತರವಲ್ಲ. ಆದರೆ ಅಲ್ಲಿ ಬೈಯಬೇಕಾದದ್ದು ಜಾಮೀನನ್ನಲ್ಲ, ವಿಳಂಬವನ್ನು ಎಂದೇ ನನ್ನ ಎಣಿಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಹೊರಬಂದ ಇನ್ನಿಬ್ಬರಿಗೆ ವಿಜಯಪುರದಲ್ಲಿ ಹೂಮಾಲೆ ಬಿದ್ದಿತು. ತೀರ್ಪೇ ಬಾರದ ಮೊಕದ್ದಮೆಯಲ್ಲಿ ಮಾಲೆ ಯಾವುದಕ್ಕೆ?

ಇನ್ನೊಂದು ಪ್ರಕರಣ ಓದುಗರ ನೆನಪಿನಲ್ಲಿ ಹಸಿಯಾಗಿದೆ. 2024ರ ಜೂನಿನಲ್ಲಿ ಸುಮನಹಳ್ಳಿಯ ರಾಜಕಾಲುವೆಯ ಬಳಿ ಚಿತ್ರದುರ್ಗದ ರೇಣುಕಸ್ವಾಮಿಯ ಶವ ದೊರೆಯಿತು. ನಟ ದರ್ಶನ್ ಮೊದಲಾದ 17 ಮಂದಿ ಆರೋಪಿಗಳಾದರು. ಡಿಸೆಂಬರ್ 13ರಂದು ಹೈಕೋರ್ಟು ನಟರಿಗೂ ಇತರರಿಗೂ ಜಾಮೀನು ನೀಡಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಏಳು ಮಂದಿಯ ಜಾಮೀನನ್ನು ರದ್ದುಗೊಳಿಸಿತು. ಖ್ಯಾತಿಯು ವಿನಾಯಿತಿಗೆ ಕಾರಣವಲ್ಲ ಎಂದಿತು. ಅವರಾರೂ ಆಗ ಅಪರಾಧಿಗಳೆಂದು ತೀರ್ಮಾನವಾಗಿರಲಿಲ್ಲ. ಕೊಡುವುದೂ ಕಸಿಯುವುದೂ ತೀರ್ಪಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಈ ಎರಡರಲ್ಲೂ ವಾದಿಸಲು ವಕೀಲರಿದ್ದರು, ಕಾಯಲು ಬಂಧುಗಳಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಹಾದಿಯಲ್ಲಿರುವ ಪರಪ್ಪನ ಅಗ್ರಹಾರದ ಅದೇ ಸೆರೆಮನೆಯಲ್ಲಿ, ಆದೇಶ ಕೈಗೆ ಬಂದರೂ ಬಾಗಿಲು ತೆರೆಯದ ಬಡವರ ಸುದ್ದಿಯನ್ನು ಯಾರೂ ಬರೆಯುವುದಿಲ್ಲ. ಹಳ್ಳಿಯಲ್ಲಾದರೆ ಗೌಡನೋ ಸೋದರಮಾವನೋ ಹೊಣೆ ನಿಂತಾನು. ಶೆಡ್ಡಿನ ಕೋಣೆಯೊಂದರಲ್ಲಿ ಎಂಟು ಜನ, ಎಂಟು ಊರಿನವರು, ಪಾಳಿ ಬದಲಾದಂತೆ ಮಲಗಿ ಏಳುವ ಪೀಣ್ಯದಲ್ಲಿ ಯಾರು ಯಾರಿಗೆ ಹೊಣೆ? ನ್ಯಾಯಾಲಯ ಸ್ಥಳೀಯ ಜಾಮೀನುದಾರನನ್ನು ಕೇಳುತ್ತದೆ, ಪಹಣಿ ಕೇಳುತ್ತದೆ. ಪಹಣಿ ಇದ್ದವನು ಪೀಣ್ಯದ ಲೇತ್ ಯಂತ್ರದ ಮುಂದೆ ಏಕೆ ನಿಂತಾನು!

1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಕಂಡಿತ್ತು. ಗಾರೆ ಕೆಲಸದ ಬಡವನೊಬ್ಬನಿಂದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಹೊಣೆ ನಿಲ್ಲಲು ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿಹಾಕಿದ್ದರು. ಕೃಷ್ಣ ಅಯ್ಯರ್ ಅವರು ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿ, ದೂರದ ಚಾಂದನಿ ಚೌಕದಲ್ಲೋ ಬಸ್ತರಿನಲ್ಲೋ ಸಿಕ್ಕಿಬಿದ್ದ ಒಬ್ಬ ಕನ್ನಡಿಗನಿಗೆ ಅಲ್ಲಿ ಆಸ್ತಿವಂತ ಜಾಮೀನುದಾರ ಎಲ್ಲಿಂದ ಬಂದಾನೆಂದು ಕೇಳಿದರು. ಅಂದು ನಮ್ಮವನ ಪರವಾಗಿ ಕೇಳಿದ ಪ್ರಶ್ನೆ ಇಂದು ನಮ್ಮ ಬಾಗಿಲಿಗೇ ಬಂದಿದೆ. 2023ರ ಜನವರಿ 31ರಂದು ಅದೇ ನ್ಯಾಯಾಲಯ, ಜಾಮೀನು ದೊರೆತು ಏಳು ದಿನದೊಳಗೆ ಬಿಡುಗಡೆಯಾಗದವನ ಸಂಗತಿಯನ್ನು ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ, ಒಂದು ತಿಂಗಳಾದರೆ ಷರತ್ತನ್ನು ಸಡಿಲಿಸುವ ಕುರಿತು ನ್ಯಾಯಾಲಯವೇ ಆಲೋಚಿಸಬಹುದೆಂದೂ ಸೂಚಿಸಿತು.

ಪಾಠ ಮುಗಿದ ಮೇಲೆ ಇದನ್ನೆಲ್ಲ ಆ ಹುಡುಗನಿಗೆ ಹೇಳಿ, ಪ್ರಾಧಿಕಾರದ ಕಚೇರಿಗೆ ಹೋಗಿ ವಿಚಾರಿಸುವಂತೆ ತಿಳಿಸಿದೆ. ಅವನು ಕೇಳಿಸಿಕೊಂಡು, ಸ್ವಲ್ಪ ತಡೆದು, “ನಮ್ಮ ಅಪ್ಪನಿಗೆ ತುಮಕೂರಿನ ಕಡೆ ಒಂದೂವರೆ ಎಕರೆ ಇದೆ. ಆ ಪಹಣಿ ನಡೆಯುತ್ತದೆಯೆ, ಸಾರ್?” ಎಂದ.

“ಅವನು ತಪ್ಪಿಸಿಕೊಂಡರೆ ಹಣ ಕಟ್ಟಬೇಕಾದವರು ನಿಮ್ಮ ತಂದೆ. ಒಪ್ಪುವರೆ?” ಎಂದೆ.

“ಕೇಳಿಲ್ಲ, ಸಾರ್. ಇವತ್ತು ಕೇಳುತ್ತೇನೆ” ಎಂದು ಬಸ್ಸಿಗೆ ಓಡಿದ.