ಫಂಕ್ಷನ್ ಮುಟ್ಟಬಾರದ ತೂಕ

ಸ್ಕಂದಗಿರಿ ಬೆಟ್ಟದ ಸೀಮೆಯಲ್ಲಿ ದಿನವೂ ಲೆಕ್ಕ ಬಿಗಿಯಾಗಿ ನಡೆಯುವ ಜಾಗ ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ. ರೈತರು ತಂದ ಗೂಡಿಗೆ ಇ-ಹರಾಜಿನಲ್ಲಿ ನೂಲು ತೆಗೆಯುವ ರೀಲರ್‌ಗಳು ದರ ಹಾಕುತ್ತಾರೆ. ಕಿಲೊ ದರವನ್ನು ತೂಕದಿಂದ ಗುಣಿಸಿದರೆ ಹಣ. ಇಂಥದೊಂದು ಲೆಕ್ಕವನ್ನು ನಾವೇ ಫಂಕ್ಷನ್ ಆಗಿ ಬರೆಯೋಣ. ಅದರ ಪ್ಯಾರಾಮೀಟರ್‌ಗಳು ಎರಡು: ತೂಕ, ದರ. ಗೂಡು ತುಂಬಿದ ಕ್ರೇಟಿನ 2 ಕಿಲೊ ಕಳೆಯಬೇಕು ಎಂದಿಟ್ಟುಕೊಳ್ಳಿ. ಅವಸರದಲ್ಲಿರುವವರು ಫಂಕ್ಷನ್ ಒಳಗೆ ‘ತೂಕ = ತೂಕ - 2’ ಎಂದು ಬರೆದುಬಿಡುತ್ತಾರೆ.

ತೂಕ 62 ಕಿಲೊ, ದರ 500 ರೂಪಾಯಿ. ರೈತರ ಚೀಟಿಗೆಂದು ಫಂಕ್ಷನ್ ಕರೆದಾಗ 30,000 ರೂಪಾಯಿ ಬಂತು, ಸರಿ. ರೀಲರ್ ಚೀಟಿಗೆಂದು ಅದನ್ನೇ ಮತ್ತೆ ಕರೆದರೆ? ಪ್ರೋಗ್ರಾಮಿಂಗ್ ಭಾಷೆ ತೂಕದ ನಕಲನ್ನು ಒಳಗೆ ಕಳಿಸುವಂಥದಾದರೆ ಮತ್ತೆ 30,000. ಮೂಲ ತೂಕವನ್ನೇ ಒಪ್ಪಿಸುವಂಥದಾದರೆ ಅದು ಮೊದಲ ಸಲವೇ 60 ಆಗಿರುತ್ತದೆ, ಈಗ 58 ಆಗುತ್ತದೆ, ಚೀಟಿಯಲ್ಲಿ 29,000 ಬೀಳುತ್ತದೆ. ಒಂದೇ ಗೂಡು, ಎರಡು ಮೊತ್ತ.

ಹಳೆಯ ಫೋರ್ಟ್ರಾನ್‌ನಲ್ಲಿ ಇದು ಇನ್ನೂ ವಿಪರೀತಕ್ಕೆ ಹೋಗುತ್ತಿತ್ತು. ಪ್ಯಾರಾಮೀಟರ್ ಎಂದರೆ ಅಲ್ಲಿ ಸಾಮಾನ್ಯವಾಗಿ ಸ್ಮೃತಿಯ ವಿಳಾಸ. ವೇರಿಯೇಬಲ್ ಬದಲು 4 ಎಂಬ ಅಂಕಿಯನ್ನೇ ಕೊಟ್ಟು, ಒಳಗೆ ಅದನ್ನು 5 ಮಾಡಿದರೆ, ಕೆಲವು ಕಂಪೈಲರ್‌ಗಳಲ್ಲಿ ಮುಂದೆ ಪ್ರೋಗ್ರಾಮಿನಲ್ಲಿ 4 ಎಂದು ಬರೆದಲ್ಲೆಲ್ಲ 5 ಓದಿಕೊಳ್ಳುತ್ತಿತ್ತು. ‘ಇದು ಒಳಬರಲಿಕ್ಕೆ ಮಾತ್ರ’ ಎಂದು ಘೋಷಿಸುವ ‘ಇಂಟೆಂಟ್ ಇನ್’ ಸೌಲಭ್ಯ ಆ ಭಾಷೆಗೆ ಬಂದದ್ದು ಫೋರ್ಟ್ರಾನ್ 90ರಲ್ಲಿ. ಅಡಾ ಭಾಷೆಯಲ್ಲಿ 1983ರ ಮಾನಕದಿಂದಲೇ, ಏನೂ ಹೇಳದಿದ್ದರೆ ಪ್ಯಾರಾಮೀಟರ್ ಓದಲಿಕ್ಕೆ ಮಾತ್ರ. ಅದೇ ಸರಿಯಾದ ಕ್ರಮ ಎಂಬುದು ನನ್ನ ನಿಲುವು: ತಿದ್ದುವವರು ಅನುಮತಿ ಕೇಳಬೇಕೇ ಹೊರತು, ಕಾಯುವವರು ಬೀಗ ಹುಡುಕುತ್ತಾ ಹೋಗಬಾರದು.

ನಮ್ಮ ಪಿಯುಸಿ ಮಕ್ಕಳು ವರ್ಷಗಟ್ಟಲೆ ಕಲಿತ ಸಿ ಪ್ಲಸ್ ಪ್ಲಸ್‌ನಲ್ಲಿ ಬೀಗದ ಹೆಸರು ‘ಕಾನ್ಸ್ಟ್’. ಆ ಭಾಷೆಯನ್ನು ರೂಪಿಸಿದ ಬಿಯಾರ್ನೆ ಸ್ಟ್ರೌಸ್ಟ್ರುಪ್ ಅವರಿಂದ ಬಂದ ಈ ಯೋಚನೆಯನ್ನು 1989ರ ಅಮೆರಿಕದ ಸಿ ಮಾನಕವೂ ಒಪ್ಪಿಕೊಂಡಿತು. ಇಲ್ಲಿ ತೊಡಕಿರುವುದು ಬೀಗ ಯಾವುದಕ್ಕೆ ಬಿತ್ತು ಎಂಬಲ್ಲಿ. ನಕಲಾಗಿ ಬಂದ ತೂಕಕ್ಕೆ ಕಾನ್ಸ್ಟ್ ಹಾಕಿದರೆ ಒಳಗೆ ಬರೆಯುವವರ ಕೈ ಮಾತ್ರ ಕಟ್ಟಿದಂತೆ. ಕರೆದವರಿಗೆ ಅದು ಬೇಕಿಲ್ಲ, ಕಂಪೈಲರ್ ಕೂಡ ಫಂಕ್ಷನ್ನಿನ ಗುರುತಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಡೀ ಲಾಟಿನ, ಅಂದರೆ ಹರಾಜಿಗಿಟ್ಟ ಗೂಡಿನ ರಾಶಿಯ, ವಿವರವನ್ನು ನಕಲು ಮಾಡದೆ ಮೂಲವನ್ನೇ ತೋರಿಸುವ ರೆಫರೆನ್ಸ್ ಆಗಿ ಕೊಟ್ಟು ಕಾನ್ಸ್ಟ್ ಎಂದರೆ ಮಾತೇ ಬೇರೆ. ಆಗ ನಕಲಿನ ಖರ್ಚೂ ಇಲ್ಲ, ಆ ದಾರಿಯಿಂದ ಮೂಲವನ್ನು ತಿದ್ದಲು ಹೊರಟರೆ ಕಂಪೈಲರ್ ತಡೆಯುತ್ತದೆ. ರೈತರ ದುಡ್ಡು ಕಾಯುವುದು ಈ ಎರಡನೆಯ ಬೀಗ.

ಜಾವಾದ ‘ಫೈನಲ್’ ನೋಡಿ ಅನೇಕರು ಮೋಸಹೋಗುತ್ತಾರೆ. ಲಾಟು ಎಂಬ ಪ್ಯಾರಾಮೀಟರ್ ಫೈನಲ್ ಆದರೆ ಆ ಹೆಸರಿಗೆ ಬೇರೊಂದು ಲಾಟನ್ನು ಅಂಟಿಸಲಾಗದು, ಅಷ್ಟೇ. ಅದೇ ಲಾಟಿನೊಳಗಿನ ತೂಕವನ್ನು ತಿದ್ದಲು ಯಾವ ಅಡ್ಡಿಯೂ ಇಲ್ಲ. ಕಾಟ್ಲಿನ್‌ನಲ್ಲಿ ಪ್ಯಾರಾಮೀಟರ್‌ಗಳೆಲ್ಲ ಹುಟ್ಟಿನಿಂದಲೇ ಹೀಗೆ ಸ್ಥಿರ, ಮಿತಿಯೂ ಇದೇ. ಸ್ವಿಫ್ಟ್ 2016ರ ಮೂರನೇ ಆವೃತ್ತಿಯಲ್ಲಿ ಬದಲಾಗುವ ಪ್ಯಾರಾಮೀಟರನ್ನು ತೆಗೆದುಹಾಕಿತು. ಮೂಲವನ್ನು ತಿದ್ದಲೇಬೇಕಾದರೆ ‘ಇನ್‌ಔಟ್’ ಎಂದು ಬರೆಯಬೇಕು, ಕರೆಯುವ ಸಾಲಿನಲ್ಲೂ ಚಿಹ್ನೆ ಹಾಕಬೇಕು. ರಸ್ಟ್‌ನಲ್ಲಿ ತಿದ್ದುವ ಹಕ್ಕಿನ ಎರವಲನ್ನು ಕೊಡುವಾಗಲೂ ಹಾಗೆಯೇ ಬಾಯಿಬಿಟ್ಟು ಹೇಳಬೇಕು. ಕರೆಯುವ ಸಾಲನ್ನು ಓದಿದವರಿಗೇ ತೂಕ ಬದಲಾದೀತೆಂದು ಗೊತ್ತಾಗುತ್ತದೆ. ಇದು ನನಗೆ ತುಂಬಾ ಮೆಚ್ಚಿಗೆಯಾದ ಗುಣ.

ಪೈಥಾನ್‌ನಲ್ಲಿ ಪ್ಯಾರಾಮೀಟರಿಗೆ ಇಂಥ ಬೀಗವೇ ಇಲ್ಲ. ಲಾಟನ್ನು ‘ಫ್ರೋಜನ್’ ಡೇಟಾಕ್ಲಾಸ್ ಆಗಿ ಕಟ್ಟಿದರೆ ತಿದ್ದುವ ಸಾಲು ಓಡಿದ ಕ್ಷಣ ದೋಷ ಏಳುತ್ತದೆ. ಕಂಪೈಲರಿನಂತೆ ಮುಂಚೆಯೇ ಅಲ್ಲ. ಆ ಭಾಷೆಯಲ್ಲಿ ಲೆಕ್ಕ ಬರೆಯುವವರು ‘ನಿವ್ವಳ ತೂಕ’ ಎಂಬ ಹೊಸ ಹೆಸರಿಟ್ಟು, 2 ಕಿಲೊ ಕಳೆದು ಉಳಿದದ್ದನ್ನು ಅದರಲ್ಲಿ ಇರಿಸಿಕೊಂಡು, ಬಂದ ತೂಕವನ್ನು ಬಂದಂತೆಯೇ ಬಿಡಬೇಕು.